ನಾಯಿಗೆ ಪಾಠ ಹೇಳುವವರು ಎಲ್ಲಿಂದ ಬರುತ್ತಾರೆ?

ಭಾನುವಾರ ಬೆಳಗಿನ ಕನ್ನಡ ವೇಳೆಯಲ್ಲಿ ಪ್ರಸಾರವಾದ ಮಾತು. ಕೇಳಲಾಗದೆ ಹೋದವರಿಗಾಗಿ, ಪ್ರತಿ ಬೇಕೆಂದು ಬರೆದವರಿಗಾಗಿ ಇಲ್ಲಿ ಅಚ್ಚಾಗಿದೆ.

ಕಾಫಿ ಆಯಿತು ತಾನೇ? ಆಗದಿದ್ದರೆ ಲೋಟ ಹಿಡಿದುಕೊಂಡೇ ಕೂತುಕೊಳ್ಳಿ, ಇವತ್ತಿನ ಮಾತು ಸ್ವಲ್ಪ ಉದ್ದ ಇದೆ.

ಈ ವಾರದ ವಿಷಯವನ್ನು ನಾನಾಗಿ ಆರಿಸಿಕೊಂಡದ್ದಲ್ಲ, ನೀವೇ ಕೊಟ್ಟದ್ದು. ಒಂದೇ ತಿಂಗಳಲ್ಲಿ ಎರಡು ಪತ್ರ ಬಂದವು. ಮೊದಲನೆಯದು ಅಂಬತ್ತೂರು ಎಸ್ಟೇಟಿನ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವ ಒಬ್ಬ ಹುಡುಗಿಯದು. "ಅಕ್ಕಾ, ನಾನು ಬಿ.ಕಾಂ. ಮಾಡಿದ್ದೇನೆ. ನನಗೆ ನಾಯಿ ತರಬೇತಿಯ ಕೆಲಸಕ್ಕೆ ಹೋಗಬೇಕೆಂದು ಬಹಳ ಆಸೆ. ನಾಯಿ ಮೇಯಿಸೋಕಾ ಇಷ್ಟು ಓದಿಸಿದ್ದು ಅಂತ ಅಪ್ಪ ಕೇಳುತ್ತಾರೆ. ಈ ಕೆಲಸಕ್ಕೆ ಜನ ಹೇಗೆ ಬರುತ್ತಾರೆ?" ಎರಡನೆಯದು ಮೊಗಪ್ಪೇರಿನ ಒಬ್ಬ ತಾಯಿಯದು. ಮನೆಯ ನಾಯಿ ಮಗನ ಮೇಲೆ ಗುರ್ ಅಂದಿತು ಎಂದು ಯಾರೋ ಟ್ರೈನರನ್ನು ಕರೆಸಿದರಂತೆ. ಆತ ಒಂದು ತಿಂಗಳು ಸರಪಳಿ ಎಳೆದು, ಬೆತ್ತ ತೋರಿಸಿ, ಗುರ್ ಅನ್ನುವುದನ್ನು ನಿಲ್ಲಿಸಿದನಂತೆ. ಎರಡು ವಾರ ಎಲ್ಲ ಶಾಂತ. ಆಮೇಲೆ ಒಂದು ದಿನ ನಾಯಿ ಏನೂ ಸದ್ದು ಮಾಡದೆ ಹುಡುಗನ ಕೈ ಕಚ್ಚಿತು. "ಈಗ ಇದನ್ನು ಎಲ್ಲಾದರೂ ದೂರ ಬಿಟ್ಟು ಬನ್ನಿ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಏನು ಮಾಡಲಿ?" ಎಂದು ಅವರ ಪ್ರಶ್ನೆ.

ಬೇರೆ ಬೇರೆ ಎಂದು ಕಾಣುವ ಈ ಎರಡು ಪತ್ರಗಳು ನಿಜವಾಗಿ ಒಂದೇ ಎಳೆಯವು. ನಾಯಿಗೆ ಪಾಠ ಹೇಳುವ ಕೆಲಸಕ್ಕೆ ಯಾರು, ಯಾವ ದಾರಿಯಲ್ಲಿ, ಏನು ಕಲಿತು ಬರುತ್ತಾರೆ ಎಂಬುದರ ಮೇಲೆ ಆ ಮಗುವಿನ ಕೈ, ಆ ನಾಯಿಯ ಜೀವ ಎರಡೂ ನಿಂತಿವೆ.

ಮೊದಲು ಸ್ವಲ್ಪ ಹಳೆಯ ಕಥೆ. ನಾಯಿಯ ಕೆಲಸ ಕೀಳು ಎನ್ನುವವರಿಗೆ ನಾನು ಯಾವಾಗಲೂ ಹೇಳುವುದು ಆತಕೂರಿನ ಶಾಸನದ ವಿಷಯ. ನಮ್ಮ ಅಂಬತ್ತೂರಿನಲ್ಲಿ ಲೋಕಲ್ ಟ್ರೈನ್ ಹತ್ತಿ ಪಶ್ಚಿಮಕ್ಕೆ ಹೋದರೆ ಅರಕ್ಕೋಣಂ ಬರುತ್ತದಲ್ಲ, ಅದರ ಹತ್ತಿರವೇ ತಕ್ಕೋಲಂ ಎಂಬ ಊರಿದೆ. ಕ್ರಿ.ಶ. 949ರಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಕಾಳಗ ನಡೆದದ್ದು ಅಲ್ಲಿಯೇ. ರಾಷ್ಟ್ರಕೂಟರ ಪಕ್ಷದಲ್ಲಿ ಗಂಗರ ಎರಡನೇ ಬೂತುಗನೂ ಅವನ ಕಡೆಯ ಮಣಲೇರ ಎಂಬ ವೀರನೂ ಕಾದಿದರು. ಮಣಲೇರನ ಶೌರ್ಯಕ್ಕೆ ಮೆಚ್ಚಿ ಏನು ಬೇಕು ಕೇಳು ಎಂದಾಗ ಅವನು ಊರು, ಹೊನ್ನು ಯಾವುದನ್ನೂ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೊಡಿ ಎಂದ. ಮುಂದೆ ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ, ಹಂದಿಯೂ ನಾಯಿಯೂ ಎರಡೂ ಸತ್ತವು. ಕಾಳಿಯ ನೆನಪಿಗೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯಕ್ಕೆ ಸೇರಿದೆ. ಕಾಳಿಗೆ ಬೇಟೆ ಕಲಿಸಿದವನ ಹೆಸರನ್ನು ಮಾತ್ರ ಯಾರೂ ಕೆತ್ತಿಸಲಿಲ್ಲ. ಈ ಕೆಲಸದವರ ಹಣೆಬರಹ ಆಗಲೂ ಹಾಗೆಯೇ ಇತ್ತೆಂದು ಕಾಣುತ್ತದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಬರಲು ಹೆಚ್ಚುಕಡಿಮೆ ನಾಲ್ಕು ಬಾಗಿಲುಗಳಿವೆ.

ಮೊದಲನೆಯದು ಖಾಕಿ ಬಟ್ಟೆಯ ಬಾಗಿಲು. ನಮ್ಮ ಮದರಾಸಿನ ಪೊಲೀಸರು 1951ರಲ್ಲೇ ಶ್ವಾನದಳ ಕಟ್ಟಿದರು. ಮೀರತ್ತಿನಲ್ಲಿರುವ ಸೇನೆಯ ರೀಮೌಂಟ್ ಪಶುವೈದ್ಯ ದಳದ ಕೇಂದ್ರದಲ್ಲಿ 1960ರಲ್ಲಿ ನಾಯಿಗಳ ತರಬೇತಿ ಶುರುವಾಯಿತು. ಗ್ವಾಲಿಯರ್ ಹತ್ತಿರದ ಟೇಕನ್‌ಪುರದಲ್ಲಿ ಗಡಿ ಭದ್ರತಾ ಪಡೆಯ ತರಬೇತಿ ಕೇಂದ್ರ 1970ರಲ್ಲಿ ಬಂತು. ಕನ್ನಡ ನಾಡಿನಲ್ಲಿ ಬೆಂಗಳೂರಿನ ಹೊರವಲಯದ ತರಳು ಎಂಬಲ್ಲಿ 2011ರಲ್ಲಿ ಸಿಆರ್‌ಪಿಎಫ್ ತನ್ನದೇ ಶ್ವಾನ ತಳಿ ಮತ್ತು ತರಬೇತಿ ಶಾಲೆ ತೆರೆಯಿತು. ಬೆಲ್ಜಿಯನ್ ಮಲಿನಾಯ್ ಎಂಬ ಚುರುಕು ತಳಿಗೆ ಆ ಶಾಲೆ ಹೆಸರಾಯಿತು. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗಳ ಮರಿಗಳನ್ನೂ 2016ರಲ್ಲಿ ಸೇನೆಯವರು ಮೀರತ್ತಿಗೆ ಒಯ್ದು ಕಲಿಸಿ ನೋಡಿದರು.

ಒಂದು ಮಾತು ನೆನಪಿಡಿ. ಈ ಬಾಗಿಲಲ್ಲಿ ನೇರವಾಗಿ ನಾಯಿ ತರಬೇತುದಾರರಾಗಿ ಒಳಗೆ ಹೋಗುವಂತಿಲ್ಲ. ಮೊದಲು ಜವಾನನಾಗಿಯೋ ಪೇದೆಯಾಗಿಯೋ ಸೇರಬೇಕು, ಓಟ ಓಡಬೇಕು, ಪರೇಡು ಮಾಡಬೇಕು. ಆಮೇಲೆ ಶ್ವಾನದಳಕ್ಕೆ ಹೆಸರು ಕೊಡಬೇಕು. ಅಲ್ಲಿ ಮನುಷ್ಯ ಬೇರೆ, ನಾಯಿ ಬೇರೆ ಎಂದು ಕಲಿಸುವುದಿಲ್ಲ, ಜೋಡಿಯಾಗಿಯೇ ಕಲಿಸುತ್ತಾರೆ. ದಾವಣಗೆರೆ ಪೊಲೀಸರ ತುಂಗಾ ಎಂಬ ಡಾಬರ್‌ಮನ್ ನಿಮಗೆ ನೆನಪಿರಬಹುದು. 2020ರ ಜುಲೈಯಲ್ಲಿ ಕೊಲೆಯೊಂದರ ಜಾಡು ಹಿಡಿದು 11–12 ಕಿಲೋಮೀಟರ್ ಓಡಿ ಆರೋಪಿ ಇದ್ದಲ್ಲಿಗೆ ಪೊಲೀಸರನ್ನು ಮುಟ್ಟಿಸಿತು ಎಂದು ಪತ್ರಿಕೆಗಳೆಲ್ಲ ಬರೆದವು. ಅಷ್ಟು ದೂರವೂ ಅದರ ಹಿಂದೆ ಓಡಿದವರು ಮನುಷ್ಯರೇ ತಾನೇ!

ಎರಡನೆಯದು ಕೈಕೆಲಸದ ಬಾಗಿಲು. ನಾಯಿ ಸಾಕುವ ದೊಡ್ಡ ಮನೆಗಳು, ತಳಿ ಬೆಳೆಸುವ ಕೆನೆಲ್‌ಗಳು, ಡಾಗ್ ಶೋಗಳು. ಕೆನೆಲ್ ಕ್ಲಬ್ ಆಫ್ ಇಂಡಿಯಾದ ಮುಖ್ಯ ಕಚೇರಿ ನಮ್ಮ ಚೆನ್ನೈಯಲ್ಲೇ ಇದೆ. ಶೋ ರಿಂಗಿನಲ್ಲಿ ನಾಯಿಯನ್ನು ಹಿಡಿದು ಓಡಿಸುವ ಹುಡುಗರಲ್ಲಿ ಬಹಳ ಮಂದಿ ಬೋನು ತೊಳೆಯುವ ಕೆಲಸದಿಂದ ಶುರು ಮಾಡಿದವರು. ಶಾಲೆ ಅರ್ಧಕ್ಕೆ ಬಿಟ್ಟು ಬಂದವರೂ ಇದ್ದಾರೆ. ನಾಯಿಯ ಕಿವಿ, ಬಾಲ, ಬೆನ್ನಿನ ಕೂದಲು ನೋಡಿ ಅದು ಈಗ ಏನು ಮಾಡುತ್ತದೆ ಎಂದು ಹೇಳಬಲ್ಲ ಕಣ್ಣು ಇವರಿಗೆ ಪುಸ್ತಕದಿಂದ ಬಂದದ್ದಲ್ಲ.

ಮೂರನೆಯದು ಬೀದಿಯ ಬಾಗಿಲು. ಕ್ಯಾಪ್ಟನ್ ವಿ. ಸುಂದರಂ ಅವರು 1959ರಲ್ಲಿ ಚೆನ್ನೈಯಲ್ಲಿ ಬ್ಲೂ ಕ್ರಾಸ್ ಕಟ್ಟಿದರು. ಬೀದಿನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಮಾಡಿ ಲಸಿಕೆ ಹಾಕಿ ಬಿಡೋಣ ಎಂದು ಅವರು 1960ರ ದಶಕದಲ್ಲೇ ಹೇಳಿದರು. ನಗರಪಾಲಿಕೆ ಅದನ್ನು ಕೈಗೆತ್ತಿಕೊಳ್ಳಲು 1996 ಬರಬೇಕಾಯಿತು. ಇಂಥ ಸಂಸ್ಥೆಗಳಿಗೆ ಭಾನುವಾರ ಸ್ವಯಂಸೇವೆಗೆ ಹೋದ ಕಾಲೇಜು ಹುಡುಗ ಹುಡುಗಿಯರು ಅಲ್ಲೇ ಹೆದರಿದ ನಾಯಿಯನ್ನು ಮುಟ್ಟುವುದು ಹೇಗೆ, ಮುಟ್ಟದೇ ಇರುವುದು ಹೇಗೆ ಎಂದು ಕಲಿಯುತ್ತಾರೆ. ಅಂಥವರಲ್ಲಿ ಕೆಲವರು ಹಾಗೆಯೇ ಈ ಕಸುಬಿಗೆ ಬಂದುಬಿಡುತ್ತಾರೆ.

ನಾಲ್ಕನೆಯದು ಸಂಕಟದ ಬಾಗಿಲು. ಬ್ಯಾಂಕಿನಲ್ಲೋ ಸಾಫ್ಟ್‌ವೇರಿನಲ್ಲೋ ಚೆನ್ನಾಗಿಯೇ ಇದ್ದವರು ಒಂದು ನಾಯಿ ತರುತ್ತಾರೆ. ಅದು ಪಟಾಕಿಗೆ ನಡುಗುತ್ತದೆ, ಬಂದವರನ್ನು ಅಟ್ಟಿಸಿಕೊಂಡು ಹೋಗುತ್ತದೆ, ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುತ್ತದೆ. ಯಾರನ್ನು ಕೇಳಿದರೂ ಸರಿಯಾದ ಉತ್ತರ ಸಿಗುವುದಿಲ್ಲ. ತಾವೇ ಓದಲು ಶುರು ಮಾಡುತ್ತಾರೆ, ಕೋರ್ಸ್ ಮಾಡುತ್ತಾರೆ, ಪಕ್ಕದ ಮನೆಯವರು ತಮ್ಮ ನಾಯಿಯನ್ನೂ ತೋರಿಸುತ್ತಾರೆ. ನಾಲ್ಕು ವರ್ಷಕ್ಕೆ ಹಳೆಯ ಕೆಲಸ ಬಿಟ್ಟಿರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಈ ಬಾಗಿಲಿನಿಂದ ಹೆಣ್ಣುಮಕ್ಕಳು ಬಹಳ ಮಂದಿ ಬರುತ್ತಿದ್ದಾರೆ. ಮುಂಬೈಯ ಶಿರಿನ್ ಮರ್ಚಂಟ್ ಇಂಗ್ಲೆಂಡಿನಲ್ಲಿ ಕಲಿತು ಬಂದು, ಗಂಡಸರದ್ದೇ ಎಂದಿದ್ದ ಈ ಕೆಲಸದಲ್ಲಿ ಮೊದಲು ನೆಲೆ ನಿಂತ ಮಹಿಳೆಯರಲ್ಲಿ ಒಬ್ಬರು. 2018ರಲ್ಲಿ ಅವರಿಗೆ ರಾಷ್ಟ್ರಪತಿಗಳ ಕೈಯಿಂದ ಗೌರವ ಸಿಕ್ಕಿತು. ಬೆಂಗಳೂರಿನಲ್ಲಿ ಸಿಂಧೂರ್ ಪಂಗಲ್ ಅವರು ನಾಯಿಗಳ ನಡವಳಿಕೆಯನ್ನೇ ಅಧ್ಯಯನ ಮಾಡುವ, ಕಲಿಸುವ ಸಂಸ್ಥೆಯನ್ನು ಕಟ್ಟಿದರು. ಹಾಗಾಗಿ ಪತ್ರ ಬರೆದ ತಂಗಿಗೆ ಮೊದಲ ಸಮಾಧಾನ: ನೀನು ಒಬ್ಬಳೇ ಅಲ್ಲ.

ಇನ್ನು ಎರಡನೆಯ ಪತ್ರದ ಹತ್ತಿರ ಹೋಗೋಣ. ಆ ಟ್ರೈನರ್ ಕೆಟ್ಟವನಾಗಿರಬೇಕೆಂದೇನೂ ಇಲ್ಲ. ಅವನಿಗೆ ಕಲಿಸಿದವರು ಹಾಗೆ ಕಲಿಸಿದರು. ಆ ಪಾಠಕ್ಕೆ ಒಂದು ಚರಿತ್ರೆಯಿದೆ.

ಜರ್ಮನಿಯಲ್ಲಿ ಪೊಲೀಸ್ ನಾಯಿಗಳನ್ನು ಪಳಗಿಸುತ್ತಿದ್ದ ಕೊನ್ರಾಡ್ ಮೋಸ್ಟ್ ಎಂಬಾತ 1910ರಲ್ಲಿ ಒಂದು ಕೈಪಿಡಿ ಬರೆದ. ಸರಪಳಿ, ಬೆತ್ತ, ಬಲವಂತ ಅದರಲ್ಲಿ ಧಾರಾಳ. ಸೈನ್ಯದಿಂದ ಸೈನ್ಯಕ್ಕೆ, ಸೈನ್ಯದಿಂದ ಮನೆಗೆ ಅದೇ ಪದ್ಧತಿ ಹರಿದು ಬಂತು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಅವು ಯಜಮಾನಿಕೆಗಾಗಿ ಸದಾ ಕಚ್ಚಾಡುತ್ತವೆ ಎಂದು ಬರೆದ. ನಾಯಿ ತೋಳದ ವಂಶ, ಆದ್ದರಿಂದ ಅದಕ್ಕೆ ನೀನೇ ಯಜಮಾನ ಎಂದು ತೋರಿಸು, ನೆಲಕ್ಕೆ ಕೆಡವು ಎನ್ನುವ ಮಾತು ಹುಟ್ಟಿದ್ದು ಅಲ್ಲಿಂದ. ಅಮೆರಿಕದ ಡೇವಿಡ್ ಮೆಕ್ ತನ್ನ 1970ರ ಪುಸ್ತಕದಲ್ಲಿ ಇದನ್ನೇ ಜನಪ್ರಿಯ ಮಾಡಿದ. ಆದರೆ ಅದೇ ಮೆಕ್ ಕಾಡಿನಲ್ಲಿ ವರ್ಷಗಟ್ಟಲೆ ತೋಳಗಳನ್ನು ನೋಡಿ 1999ರಲ್ಲಿ ಬೇರೆ ಮಾತು ಬರೆದ. ಕಾಡಿನ ತೋಳದ ಗುಂಪು ಎಂದರೆ ಅಪ್ಪ, ಅಮ್ಮ, ಮಕ್ಕಳು, ಅಷ್ಟೇ. ಅಲ್ಲಿ ಸಿಂಹಾಸನಕ್ಕೆ ಕಾದಾಟವಿಲ್ಲ, ಸಂಸಾರ ಇದೆ. ಒಂದೇ ಕೋಣೆಯಲ್ಲಿ ಗುರುತಿಲ್ಲದ ಹತ್ತು ಜನರನ್ನು ಕೂಡಿಹಾಕಿ, ಅವರ ಜಗಳ ನೋಡಿ, ಮನುಷ್ಯ ಕುಲವೇ ಹೀಗೆ ಎಂದರೆ ಹೇಗೋ, ಹಾಗಾಗಿತ್ತು ಹಿಂದಿನ ತೀರ್ಮಾನ.

ಇನ್ನೊಂದು ಕಡೆಯಿಂದ ಮತ್ತೊಂದು ಪಾಠವೂ ಬೆಳೆಯುತ್ತಿತ್ತು. ಊಟ ಬರುವ ಮೊದಲೇ ನಾಯಿಯ ಬಾಯಲ್ಲಿ ನೀರೂರುವುದನ್ನು ರಷ್ಯದ ಪಾವ್ಲೋವ್ ತೋರಿಸಿದ್ದು ನಿಮಗೆ ಶಾಲೆಯಿಂದಲೇ ಗೊತ್ತು. ಅಮೆರಿಕದ ಥಾರ್ನ್‌ಡೈಕ್, ಸ್ಕಿನ್ನರ್ ಇನ್ನೊಂದು ಹೆಜ್ಜೆ ಹೋದರು: ಯಾವ ಕೆಲಸದ ಹಿಂದೆಯೇ ಸುಖ ಬರುತ್ತದೋ ಆ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ. ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದ ಕರೆನ್ ಪ್ರಯರ್ 1984ರಲ್ಲಿ ಇದನ್ನು ಮನೆಮಂದಿಗೆ ತಿಳಿಯುವಂತೆ ಬರೆದರು. ಡಾಲ್ಫಿನ್‌ಗೆ ಸರಪಳಿ ಹಾಕುವಂತಿಲ್ಲ, ಬೆತ್ತ ತೋರಿಸಿದರೆ ಅದು ಈಜಿಕೊಂಡು ಹೋಗಿಬಿಡುತ್ತದೆ. ಮೀನು ಕೊಟ್ಟೇ ಕಲಿಸಬೇಕು. ಮೀನಿನಿಂದ ಅಷ್ಟು ದೊಡ್ಡ ಪ್ರಾಣಿ ಕಲಿಯುವುದಾದರೆ, ನಮ್ಮ ಮನೆ ಬಾಗಿಲಲ್ಲಿ ಮಲಗುವ ನಾಯಿ ಒಂದು ಚೂರು ಬಿಸ್ಕತ್ತಿನಿಂದ ಕಲಿಯದೇ? ಪ್ರಾಣಿಗಳ ನಡವಳಿಕೆ ಓದಿದ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ ಸ್ಪಷ್ಟವಾಗಿಯೇ ಹೇಳಿತು: ಎಲ್ಲ ನಾಯಿಗಳಿಗೂ, ಕಚ್ಚುವ ನಾಯಿಗಳಿಗೂ ಸೇರಿ, ಬಹುಮಾನದ ಪದ್ಧತಿಯೇ ತಕ್ಕದ್ದು.

ನಮ್ಮಲ್ಲಿ ಬೊಗಳೋ ನಾಯಿ ಕಚ್ಚೋದಿಲ್ಲ ಎಂಬ ಗಾದೆ ಇದೆ. ನಾನು ಕನ್ನಡ ಓದಿದವಳು, ಗಾದೆಗಳ ಮೇಲೆ ನನಗೆ ಭಕ್ತಿ. ಆದರೆ ಇದೊಂದನ್ನು ನಂಬಿ ಕೈ ಹಾಕಬೇಡಿ. ನಾಯಿ ಬೊಗಳುವುದು, ಗುರ್ ಅನ್ನುವುದು, ತುಟಿ ಎತ್ತುವುದು, ಮುಖ ತಿರುಗಿಸುವುದು, ಹಸಿವಿಲ್ಲದೆ ತುಟಿ ನೆಕ್ಕುವುದು, ಇವೆಲ್ಲ ಅದರ ಮಾತು. ನನಗೆ ಹೆದರಿಕೆ ಆಗುತ್ತಿದೆ, ಸ್ವಲ್ಪ ದೂರ ಇರು ಎಂದು ಹೇಳುತ್ತಿದೆ. ಆ ಮಾತಿಗೆ ಏಟು ಕೊಟ್ಟರೆ ಮಾತು ನಿಲ್ಲುತ್ತದೆ, ಹೆದರಿಕೆ ನಿಲ್ಲುವುದಿಲ್ಲ. ಮೊಗಪ್ಪೇರಿನ ತಾಯಿಯ ಮನೆಯಲ್ಲಿ ಆದದ್ದು ಅದೇ ಇರಬೇಕು. ಗಂಟೆ ಬಾರಿಸುತ್ತದೆ ಎಂದು ಗಂಟೆಯನ್ನೇ ಕಿತ್ತುಹಾಕಿದರು. ಬೆಂಕಿ ಹಾಗೆಯೇ ಉಳಿಯಿತು.

ಈ ಬದಲಾವಣೆಯನ್ನು ಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ನನಗೆ ಹೇಳಿದವರು ಅಂಬತ್ತೂರಿನಲ್ಲಿರುವ ಒಬ್ಬ ಹಿರಿಯರು. ಕೋಲಾರದ ಕಡೆಯವರು, ಅರೆಸೇನಾ ಪಡೆಯಲ್ಲಿ ನಾಯಿ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿ ನಿವೃತ್ತರಾದವರು. ಆವಡಿಯಲ್ಲಿ ಕೊನೆಯ ಪೋಸ್ಟಿಂಗ್ ಇತ್ತು, ಮಕ್ಕಳ ಓದು ಇಲ್ಲಿಯೇ ಆಯಿತು, ಇಲ್ಲಿಯೇ ಮನೆ ಮಾಡಿಕೊಂಡರು. ಬೆಳಿಗ್ಗೆ ಐದೂವರೆಗೆ ಟಿವಿಎಸ್ ಗಾಡಿ ಹತ್ತಿದರೆ ಒಂಬತ್ತರವರೆಗೆ ಮನೆಮನೆಗೆ ಹೋಗಿ ನಾಯಿಗಳಿಗೆ ಕಲಿಸುತ್ತಾರೆ. ಹೆಸರು ಹೇಳಬೇಡಮ್ಮಾ ಎಂದಿದ್ದಾರೆ, ಹೇಳುವುದಿಲ್ಲ.

"ನಿಮ್ಮ ಕಾಲದಲ್ಲಿ ಹೊಡೀತಿದ್ರಾ ಸಾರ್?" ಎಂದು ನೇರವಾಗಿಯೇ ಕೇಳಿದೆ.

"ಹೊಡೀತಿದ್ವಮ್ಮಾ, ಯಾಕೆ ಸುಳ್ಳು ಹೇಳ್ಲಿ," ಎಂದರು. "ನಮ್ಮ ಉಸ್ತಾದರು ನಮಗೂ ಹೊಡೀತಿದ್ರು, ನಾವು ನಾಯಿಗೆ. ಆದ್ರೆ ಒಂದು ಮಾತು ಕೇಳು. ಬಾಂಬು ಹುಡುಕೋ ನಾಯಿಗೆ ಮಾತ್ರ ಯಾವತ್ತೂ ಕೈ ಎತ್ತುತಾ ಇರ್ಲಿಲ್ಲ. ಅದು ವಾಸನೆ ಹಿಡಿದು ಕೂತ್ರೆ ಚೆಂಡು ಕೊಡೋದು, ಆಟ ಆಡೋದು. ಯಾಕೆ ಗೊತ್ತಾ? ಹೆದರಿಕೊಂಡ ನಾಯಿ ಸುಳ್ಳು ಹೇಳುತ್ತೆ. ಅದು ಸುಳ್ಳು ಹೇಳಿದ್ರೆ ಸಾಯೋನು ನಾನು."

"ಅಲ್ಲೇ ಉತ್ತರ ಇತ್ತಲ್ಲ ಸಾರ್?"

"ಇತ್ತಮ್ಮಾ. ಕಣ್ಣೆದುರಿಗೇ ಇತ್ತು. ಮನೆ ನಾಯಿಗೂ ಅದೇ ಸಾಕು ಅಂತ ಹೊಳೆಯೋಕೆ ರಿಟೈರ್ ಆಗಿ ಮೂರು ವರ್ಷ ಬೇಕಾಯ್ತು. ನನ್ನ ಮೊಮ್ಮಗಳು ಚಕ್ಕುಲಿ ಚೂರು ತೋರಿಸಿ ಬೀದಿನಾಯಿಗೆ ಕೂತ್ಕೋ ಅಂತ ಕಲಿಸಿದ್ಲು, ಒಂದೇ ಸಾಯಂಕಾಲದಲ್ಲಿ. ಅವಳಿಗೆ ಆಗ ಏಳು ವರ್ಷ."

ಮೊಮ್ಮಗಳು ಕಲಿಸಿದ್ದು ಬೀದಿನಾಯಿಗೆ ಎಂಬುದನ್ನು ಗಮನಿಸಿ. ಬೀದಿನಾಯಿಗೆ ಏನು ತಿಳಿಯುತ್ತದೆ ಎಂದು ತಾತ್ಸಾರ ಮಾಡುವವರಿದ್ದಾರೆ. ಕೋಲ್ಕತ್ತದ ಐಐಎಸ್‌ಇಆರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರಾ ಅವರ ತಂಡ 2009ರಿಂದ ನಮ್ಮ ದೇಶದ ಬೀದಿನಾಯಿಗಳನ್ನೇ ಅಧ್ಯಯನ ಮಾಡುತ್ತ ಬಂದಿದೆ. ಅಪರಿಚಿತ ಮನುಷ್ಯ ಒಂದು ಬಟ್ಟಲಿನತ್ತ ಕೈ ತೋರಿಸಿದರೆ, ಯಾರೂ ತರಬೇತಿ ಕೊಡದ ಬೀದಿನಾಯಿಗಳೂ ಆ ಸನ್ನೆ ಹಿಡಿದು ಹೋಗುತ್ತವೆ ಎಂದು 2020ರಲ್ಲಿ ಪ್ರಕಟವಾದ ಅವರ ಪ್ರಯೋಗ ತೋರಿಸಿತು. ಪರೀಕ್ಷೆಗೆ ಹತ್ತಿರ ಬಂದ ನಾಯಿಗಳಲ್ಲಿ ಸುಮಾರು ಶೇಕಡ 80ರಷ್ಟು ಸರಿಯಾಗಿ ಅರ್ಥ ಮಾಡಿಕೊಂಡವು. ಇನ್ನೊಂದು ಪ್ರಯೋಗ 2017ರದು. ಮತ್ತೆ ಮತ್ತೆ ಭೇಟಿಯಾದ ಅಪರಿಚಿತರಲ್ಲಿ ಬರೀ ತಿಂಡಿ ಹಾಕಿದವರಿಗಿಂತ ತಲೆ ಸವರಿದವರ ಮೇಲೆ ನಾಯಿಗಳಿಗೆ ಹೆಚ್ಚು ನಂಬಿಕೆ ಬಂತಂತೆ. ನಮ್ಮ ಅಜ್ಜಿಯಂದಿರಿಗೆ ಇದಕ್ಕೆ ಪ್ರಯೋಗಶಾಲೆ ಬೇಕಿರಲಿಲ್ಲ, ಆದರೂ ಲೆಕ್ಕಕ್ಕೆ ಬಂದದ್ದು ಒಳ್ಳೆಯದೇ.

ಈಗ ಬಹಳ ಮುಖ್ಯವಾದ ಮಾತು. ನಮ್ಮ ದೇಶದಲ್ಲಿ ನಾಯಿಮರಿ ಬೆಳೆಸಿ ಮಾರುವವರು 2017ರ ನಿಯಮದ ಪ್ರಕಾರ ನೋಂದಣಿ ಮಾಡಿಸಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಆದರೆ ನಾಯಿಗೆ ತರಬೇತಿ ಕೊಡುತ್ತೇನೆ ಎಂದು ಬೋರ್ಡು ಹಾಕುವವರಿಗೆ ಕಡ್ಡಾಯವಾದ ಪರವಾನಗಿ ಪರೀಕ್ಷೆ ಯಾವುದೂ ಇಲ್ಲ. ನಾಳೆ ಬೆಳಿಗ್ಗೆ ನಾನೇ ಒಂದು ಕಾರ್ಡ್ ಅಚ್ಚು ಹಾಕಿಸಬಹುದು! 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಹೊಡೆಯುವುದನ್ನು ಅಪರಾಧ ಎನ್ನುತ್ತದೆ. ಆ ಕಾಯಿದೆಗಾಗಿ ಸಂಸತ್ತಿನಲ್ಲಿ ದನಿ ಎತ್ತಿದವರು ನಮ್ಮ ಚೆನ್ನೈಯ ಕಲಾಕ್ಷೇತ್ರದ ರುಕ್ಮಿಣಿದೇವಿ ಅರುಂಡೇಲ್ ಎಂಬುದು ನಮಗೆ ಹೆಮ್ಮೆ. ಆದರೆ ಮುಚ್ಚಿದ ಗೇಟಿನ ಹಿಂದೆ ನಡೆಯುವ ಪಾಠವನ್ನು ಕಾಯಿದೆ ನೋಡಲು ಬರುವುದಿಲ್ಲ.

ಇದರ ಫಲವನ್ನು ಊರು ಉಣ್ಣುತ್ತದೆ. 2024ರ ಮೇ ತಿಂಗಳಲ್ಲಿ ಚೆನ್ನೈಯ ಥೌಸಂಡ್ ಲೈಟ್ಸ್ ಕಡೆಯ ಒಂದು ಪಾರ್ಕಿನಲ್ಲಿ ಐದು ವರ್ಷದ ಮಗುವಿನ ಮೇಲೆ ಎರಡು ರಾಟ್‌ವೈಲರ್‌ಗಳು ಬಿದ್ದದ್ದನ್ನು ನಾವು ಮರೆಯುವ ಹಾಗಿಲ್ಲ. ಅದಕ್ಕೆ ಸ್ವಲ್ಪ ಮೊದಲು 23 ತಳಿಗಳನ್ನು ಸಾಕಬಾರದು ಎಂದು ಕೇಂದ್ರ ಸರ್ಕಾರ ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದು ಎಂದು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಅದನ್ನು ರದ್ದುಮಾಡಿತು. 2025ರಲ್ಲಿ ಬೀದಿನಾಯಿಗಳ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ ದೇಶವೆಲ್ಲ ಎರಡು ಭಾಗವಾಗಿ ಜಗಳವಾಡಿತು. ತಳಿ ನಿಷೇಧಿಸಿ ಎನ್ನುವವರು ಒಂದು ಕಡೆ, ಮುಟ್ಟಬೇಡಿ ಎನ್ನುವವರು ಇನ್ನೊಂದು ಕಡೆ. ನಾಯಿಯ ಮಾತು ಓದಬಲ್ಲ, ಮನೆಯವರಿಗೆ ಓದಿ ಹೇಳಬಲ್ಲ ನಾಲ್ಕು ಜನ ಪ್ರತಿ ಬಡಾವಣೆಯಲ್ಲೂ ಇರಲಿ ಎಂದವರು ಕಡಿಮೆ. ಆದ್ದರಿಂದಲೇ ಈ ಕೆಲಸ ಬೇಕಾದ ಕೆಲಸ ಎಂದು ನಾನು ಹೇಳುವುದು.

ಹಾಗಾದರೆ ತಂಗೀ, ನೀನು ಏನು ಮಾಡಬೇಕು? ಕೆಲಸಕ್ಕೆ ನಾಳೆಯೇ ರಾಜೀನಾಮೆ ಕೊಡಬೇಡ. ಆರು ತಿಂಗಳು ಶನಿವಾರ ಭಾನುವಾರ ಯಾವುದಾದರೂ ಪ್ರಾಣಿ ಆಶ್ರಯದಲ್ಲಿ ಸ್ವಯಂಸೇವೆ ಮಾಡು. ಅದಕ್ಕೂ ಮೊದಲು ರೇಬೀಸ್ ಲಸಿಕೆಯನ್ನು ಮುಂಜಾಗ್ರತೆಯಾಗಿ ಹಾಕಿಸಿಕೋ. ಪ್ರಾಣಿಗಳ ಜೊತೆ ಕೆಲಸ ಮಾಡುವವರಿಗೆ ಅದು ಬೇಕೇ ಬೇಕು. ಎಷ್ಟೇ ಲಸಿಕೆ ಆಗಿದ್ದರೂ ನಾಯಿ ಕಚ್ಚಿದರೆ, ಪರಚಿದರೆ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇದನ್ನು ಎಲ್ಲ ಕೇಳುಗರೂ ಬರೆದಿಟ್ಟುಕೊಳ್ಳಿ.

ಆಮೇಲೆ ಒಬ್ಬ ಒಳ್ಳೆಯ ತರಬೇತುದಾರರ ಹಿಂದೆ ಹೋಗಿ, ಏನೂ ಮಾಡದೆ ಸುಮ್ಮನೆ ನೋಡು. ನಾಯಿಯನ್ನು ಮುಟ್ಟುವ ಮೊದಲು ನೂರು ಗಂಟೆ ನೋಡಿದರೂ ನಷ್ಟವಿಲ್ಲ. ವಿದೇಶದಲ್ಲಿ ಹೆಸರಾದ ಒಂದು ಪ್ರಮಾಣಪತ್ರ ಮಂಡಳಿ ಪರೀಕ್ಷೆಗೆ ಕೂರಿಸುವ ಮೊದಲೇ 300 ಗಂಟೆ ಕೆಲಸ ಮಾಡಿದ ದಾಖಲೆ ಕೇಳುತ್ತದೆ. ಹತ್ತು ದಿನದ ಕೋರ್ಸಿಗೆ ದೊಡ್ಡ ಹಣ ತೆಗೆದುಕೊಂಡು ಸರ್ಟಿಫಿಕೇಟ್ ಕೊಡುವವರ ಹತ್ತಿರ ಹೋಗುವ ಮೊದಲು ಈ ಲೆಕ್ಕ ನೆನಪಿಟ್ಟುಕೋ. ಇನ್ನೊಂದು ಸತ್ಯ: ಈ ಕೆಲಸದಲ್ಲಿ ಅರ್ಧ ನಾಯಿ, ಅರ್ಧ ಮನುಷ್ಯರು. ಮಾವ ಬೇಡ ಎನ್ನುತ್ತಾರೆ, ಸೊಸೆ ಬೇಕು ಎನ್ನುತ್ತಾಳೆ, ಮಕ್ಕಳು ಬಾಲ ಎಳೆಯುತ್ತಾರೆ, ಅಡುಗೆಯವರು ಕದ್ದು ತಿಂಡಿ ಹಾಕುತ್ತಾರೆ. ಅವರೆಲ್ಲರಿಗೂ ಬೇಜಾರಾಗದಂತೆ ಪಾಠ ಹೇಳಬೇಕು. ಚೆನ್ನೈಯಲ್ಲಿ ತಮಿಳು, ತೆಲುಗು, ಹಿಂದಿ, ಇಂಗ್ಲಿಷ್ ನಾಲ್ಕೂ ಬರಬೇಕು. ನಾಯಿಗೆ ಮಾತ್ರ ಯಾವ ಭಾಷೆಯಾದರೂ ಸರಿ, ಮನೆಯವರೆಲ್ಲ ಒಂದೇ ಪದ ಬಳಸಬೇಕು ಅಷ್ಟೇ. ಅಪ್ಪ 'ಕೂತ್ಕೋ', ಅಮ್ಮ 'ಸಿಟ್', ಕೆಲಸದಾಕೆ 'ಉಕ್ಕಾರ್' ಎಂದರೆ ಪಾಪ ಅದು ಯಾರ ಮಾತು ಕೇಳಬೇಕು?

ಆದಾಯದ ವಿಷಯವನ್ನೂ ಮುಚ್ಚಿಡುವುದಿಲ್ಲ. ಮೊದಲ ಎರಡು ವರ್ಷ ತಿಂಗಳ ಸಂಬಳದ ಹಾಗೆ ನಿಗದಿಯಾಗಿ ಬರುವುದಿಲ್ಲ. ಪರೀಕ್ಷೆ ಕಾಲದಲ್ಲಿ, ಮಳೆಗಾಲದಲ್ಲಿ ಕರೆ ಕಡಿಮೆ. ದೀಪಾವಳಿಗೆ ಒಂದು ತಿಂಗಳ ಮುಂಚೆ ಪಟಾಕಿ ಭಯದ ನಾಯಿಗಳಿಗಾಗಿ ಎಲ್ಲರೂ ಒಟ್ಟಿಗೆ ಕರೆಯುತ್ತಾರೆ, ಆಗ ನೀನು ಆರು ತಿಂಗಳು ಮೊದಲೇ ಕರೆಯಬೇಕಿತ್ತು ಎಂದು ಹೇಳಬೇಕಾಗುತ್ತದೆ. ನೀನು ಲೆಕ್ಕ ಬರೆಯುವವಳು, ನಿನಗೆ ಇದು ಬೇಗ ಅರ್ಥವಾಗುತ್ತದೆ. ಒಂದು ವರ್ಷದ ಮನೆಖರ್ಚು ಕೈಯಲ್ಲಿಟ್ಟುಕೊಂಡು ಆಮೇಲೆ ಹೆಜ್ಜೆ ಇಡು.

ಆಕೆಯ ತಂದೆಯವರಿಗೂ ಒಂದು ಮಾತು. ಸ್ವಾಮೀ, ನಿಮ್ಮ ಆತಂಕ ನ್ಯಾಯವಾದದ್ದು. ಮಗಳಿಗೆ ಕಚ್ಚಿದರೆ, ಗೊತ್ತಿಲ್ಲದ ಮನೆಗಳಿಗೆ ಒಬ್ಬಳೇ ಹೋದರೆ ಎಂದು ನೀವು ಹೆದರುತ್ತೀರಿ. ಆ ಹೆದರಿಕೆಯನ್ನೇ ಹೇಳಿ, ಅವಳು ಕೇಳುತ್ತಾಳೆ. ಮೊದಲ ಭೇಟಿಗೆ ಯಾರಾದರೂ ಜೊತೆಗಿರಲಿ ಎಂದು ಹೇಳಿ, ಒಳ್ಳೆಯ ತರಬೇತುದಾರರು ಹಾಗೆಯೇ ಮಾಡುತ್ತಾರೆ. ನಾಯಿ ಮೇಯಿಸೋಕಾ ಎನ್ನುವ ಮಾತು ಮಾತ್ರ ಬೇಡ. ಓದಿಸಿದ ವಿದ್ಯೆ ಎಲ್ಲೂ ಹೋಗಿಲ್ಲ, ಗಮನಿಸುವುದಕ್ಕೆ, ಬರೆದಿಡುವುದಕ್ಕೆ, ತಾಳ್ಮೆಗೆ ಈ ಕೆಲಸದಲ್ಲಿ ಬೇಕಾದಷ್ಟು ಜಾಗವಿದೆ.

ಮೊಗಪ್ಪೇರಿನ ತಾಯಿಗೆ: ಅಮ್ಮಾ, ನಾಯಿಯನ್ನು ದೂರ ಬಿಟ್ಟು ಬರಬೇಡಿ. ಕಚ್ಚಿ ಕಲಿತ ನಾಯಿ ಇನ್ನೊಂದು ಬೀದಿಯಲ್ಲಿ ಇನ್ನೊಬ್ಬರ ಮಗುವನ್ನು ನೋಡುತ್ತದೆ. ಮಗನ ಗಾಯಕ್ಕೆ ವೈದ್ಯರು ಹೇಳಿದ ಎಲ್ಲ ಇಂಜೆಕ್ಷನ್‌ಗಳನ್ನೂ ತಪ್ಪದೆ ಮುಗಿಸಿ. ಸದ್ಯಕ್ಕೆ ಹುಡುಗನೂ ನಾಯಿಯೂ ದೊಡ್ಡವರಿಲ್ಲದೆ ಒಂದೇ ಕೋಣೆಯಲ್ಲಿ ಇರಬಾರದು, ಬಾಗಿಲಿಗೆ ಒಂದು ಅಡ್ಡಗೇಟು ಹಾಕಿಸಿ. ನಾಯಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿನೋವು, ಹಲ್ಲುನೋವು, ಸೊಂಟದ ನೋವು ಇರುವ ನಾಯಿಯೂ ಮುಟ್ಟಿದರೆ ಕಚ್ಚುತ್ತದೆ. ನಮ್ಮ ವೇಪೇರಿಯಲ್ಲಿ 1903ರಲ್ಲಿ ಶುರುವಾದ ಮದರಾಸ್ ಪಶುವೈದ್ಯ ಕಾಲೇಜಿನ ಆಸ್ಪತ್ರೆಯಿದೆ, ಅಲ್ಲಿಗೆ ಹೋಗಬಹುದು. ಆಮೇಲೆ ಬೇರೆ ತರಬೇತುದಾರರನ್ನು ಹುಡುಕಿ.

ಹುಡುಕುವಾಗ ಮೂರು ಪ್ರಶ್ನೆ ಕೇಳಿ. ಇದು ಎಲ್ಲ ಕೇಳುಗರಿಗೂ ಅನ್ವಯ. ಒಂದು, ನಾಯಿ ಸರಿಯಾಗಿ ಮಾಡಿದರೆ ನೀವು ಏನು ಕೊಡುತ್ತೀರಿ? ಎರಡು, ತಪ್ಪು ಮಾಡಿದರೆ ಏನು ಮಾಡುತ್ತೀರಿ? ಮೂರು, ಪಾಠದ ಹೊತ್ತಿಗೆ ನಾವೂ ಪಕ್ಕದಲ್ಲೇ ಇರಬಹುದೇ? ಎರಡನೆಯದಕ್ಕೆ ಕೈಯಲ್ಲಿ ಬೆತ್ತ ಕಂಡರೆ, ಮೂರನೆಯದಕ್ಕೆ ಬೇಡ ಎಂದರೆ, ಒಂದು ಕಾಫಿ ಕೊಟ್ಟು ಮರ್ಯಾದೆಯಿಂದ ಕಳುಹಿಸಿಕೊಡಿ. ಹದಿನೈದು ದಿನದಲ್ಲಿ ಗ್ಯಾರಂಟಿ ಎಂದರೂ ಅಷ್ಟೇ. ನಮ್ಮ ಮಕ್ಕಳಿಗೇ ಯಾವ ಮೇಷ್ಟರೂ ಗ್ಯಾರಂಟಿ ಕೊಟ್ಟದ್ದಿಲ್ಲ.

ನಾಯಿ ಬಾಲ ಡೊಂಕು ಎಂದು ನಾವು ಬೈಯುತ್ತಲೇ ಬಂದಿದ್ದೇವೆ. ಆ ಬಾಲ ಡೊಂಕಾಗಿಯೇ ಇರಲಿ, ಅದರಿಂದ ಯಾರಿಗೂ ತೊಂದರೆಯಿಲ್ಲ. ಅದು ಯಾವಾಗ ಅಲ್ಲಾಡುತ್ತದೆ, ಯಾವಾಗ ಕಾಲಸಂದಿಗೆ ಹೋಗುತ್ತದೆ, ಯಾವಾಗ ಕೋಲಿನ ಹಾಗೆ ನಿಲ್ಲುತ್ತದೆ ಎಂದು ನೋಡಿ ಓದುವವರು ಇನ್ನಷ್ಟು ಜನ ಬೇಕು. ನಿಮ್ಮ ಮನೆಯಲ್ಲಿ ಅಂಥ ಒಬ್ಬರು ಇದ್ದರೆ ಅವರಿಗೆ ನನ್ನ ನಮಸ್ಕಾರ ಹೇಳಿ. ಮುಂದಿನ ಭಾನುವಾರ ಇದೇ ಹೊತ್ತಿಗೆ ಮತ್ತೆ ಸಿಗೋಣ. ಪತ್ರ ಬರೆಯುವುದನ್ನು ಮರೆಯಬೇಡಿ.